ಕಾಮಣಿ ಇಳಿಯಿತು, ಒಳಗಿನ ವೈರಸ್ ಇಳಿಯಿತೇ?

ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಾಗಲಿ, ಒಬ್ಬನ ಕಣ್ಣು ಹಳದಿಯಾದರೆ ಡಾಕ್ಟರಿಗಿಂತ ಮೊದಲು ಓಣಿಯವರೇ ರೋಗದ ಹೆಸರು ಹೇಳಿಬಿಡುತ್ತಾರೆ. ‘ಕಾಮಣಿ ಆಗೈತಿ. ಎಣ್ಣ್ಯಾಗ ಕರದದ್ದು ಬಿಡು, ಕಬ್ಬಿನ ಹಾಲು ಕುಡಿ, ಮೂರು ದಿನ ಔಷಧ ತಗೊಂಡು ಬಾ, ಎಲ್ಲಾ ಇಳೀತೈತಿ.’ ಔಷಧ ಕೊಡುವವರು ಯಾವ ಊರಲ್ಲಿದ್ದಾರೆ, ಯಾವ ವಾರ ಕೊಡುತ್ತಾರೆ, ಯಾವ ಬಸ್ಸು ಹತ್ತಬೇಕು ಎಂಬ ಮಾಹಿತಿಯೂ ಬಿಟ್ಟಿಯಾಗಿ ಸಿಗುತ್ತದೆ.

ಹದಿನೈದು-ಇಪ್ಪತ್ತು ದಿನಕ್ಕೆ ಕಣ್ಣು ತಿಳಿಯಾಗುತ್ತದೆ. ಔಷಧ ಕೊಟ್ಟವರ ಕೀರ್ತಿ ಮುಂದಿನ ತಾಲೂಕಿಗೆ ಹಬ್ಬುತ್ತದೆ. ರೋಗ ಹೋಯಿತೆಂದು ಮನೆಯವರು ನಿಶ್ಚಿಂತರಾಗುತ್ತಾರೆ. ಬಹಳ ಮಂದಿಗೆ ಅದು ಅಲ್ಲಿಗೇ ಮುಗಿಯುವುದೂ ನಿಜವೇ. ಆದರೆ ಎಲ್ಲರಿಗೂ ಅಲ್ಲ. ಇಪ್ಪತ್ತು-ಮೂವತ್ತು ವರ್ಷದ ಮೇಲೆ, ಮಗಳ ಮದುವೆ ಮಾಡುವ ವಯಸ್ಸಿಗೆ, ಹೊಟ್ಟೆ ಉಬ್ಬಿ ಮೈ ಕರಗಿ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋದಾಗ ಡಾಕ್ಟರು ‘ಲಿವರ್ ಕ್ಯಾನ್ಸರ್’ ಎನ್ನುತ್ತಾರೆ. ‘ನಮ್ಮ ಯಜಮಾನ್ರು ಒಂದ ಹನಿ ಶೆರೆ ಮುಟ್ಟಿದವರಲ್ರೀ’ ಎಂದು ಮನೆಯವರು ಅಳುತ್ತಾರೆ. ಶೆರೆ ಮುಟ್ಟಿಲ್ಲ ಎಂಬುದು ಸತ್ಯವೇ ಇರಬಹುದು. ಲಿವರ್ ಕೆಡಿಸುವುದು ಶೆರೆ ಒಂದೇ ಎಂದು ಹೇಳಿದವರು ಯಾರು?

ಕಾಮಣಿ ಎಂಬುದು ಒಂದು ರೋಗದ ಹೆಸರಲ್ಲ. ಲಿವರಿಗೆ ತೊಂದರೆಯಾಗಿದೆ ಎಂಬುದರ ಗುರುತು ಅಷ್ಟೇ. ಆ ತೊಂದರೆ ತರುವ ವೈರಸ್‌ಗಳಲ್ಲಿ ಎರಡು ಜಾತಿ. ಎ ಮತ್ತು ಇ ಎಂಬವು ಹೊಲಸು ನೀರಿನಿಂದ, ಹೊಲಸು ಆಹಾರದಿಂದ ಬರುತ್ತವೆ. ನಲ್ಲಿ ನೀರಿಗೆ ವಾರಗಟ್ಟಲೆ ಕಾದು ರೂಢಿಯಾಗಿರುವ ಅವಳಿ ನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಎರಡೂ ಬಹುಪಾಲು ಜನರಲ್ಲಿ ತಾವಾಗಿಯೇ ಬಂದು ತಾವಾಗಿಯೇ ಹೋಗುತ್ತವೆ (ಬಸುರಿಯರಿಗೆ ಮಾತ್ರ ಇ ಜಾತಿ ಬಲು ಅಪಾಯ). ಔಷಧ ಕುಡಿದರೂ ಇಳಿಯುತ್ತದೆ, ಕುಡಿಯದಿದ್ದರೂ ಇಳಿಯುತ್ತದೆ. ನಾಟಿ ಔಷಧದ ಕೀರ್ತಿಯ ಗುಟ್ಟು ಬಹುಮಟ್ಟಿಗೆ ಇದೇ.

ಇನ್ನೊಂದು ಜಾತಿ ಬಿ ಮತ್ತು ಸಿ. ಇವು ನೀರಿನಿಂದ ಬರುವುದಿಲ್ಲ. ರಕ್ತದಿಂದ ರಕ್ತಕ್ಕೆ ಹೋಗುತ್ತವೆ. ಬಿ ವೈರಸ್ ತಾಯಿಯಿಂದ ಕೂಸಿಗೆ, ಗಂಡ-ಹೆಂಡಿರ ನಡುವೆಯೂ ದಾಟುತ್ತದೆ. ಬಿ ಹೊಕ್ಕವರಲ್ಲಿ ಎಷ್ಟೋ ಮಂದಿಗೆ ಕಣ್ಣು ಹಳದಿಯಾಗುವುದೇ ಇಲ್ಲ. ಕೂಸುಗಳಿಗಂತೂ ಏನೂ ಗೊತ್ತಾಗುವುದಿಲ್ಲ. ದೊಡ್ಡವರ ಮೈ ಹೊಕ್ಕರೆ ನೂರರಲ್ಲಿ ತೊಂಬತ್ತೈದು ಮಂದಿ ಅದನ್ನು ಹೊರಗಟ್ಟುತ್ತಾರೆ. ಹುಟ್ಟುವಾಗಲೇ ತಾಯಿಯಿಂದ ಬಂದರೆ ಲೆಕ್ಕ ತಿರುಗುಮುರುಗು. ಹತ್ತು ಕೂಸುಗಳಲ್ಲಿ ಒಂಬತ್ತರ ಮೈಯಲ್ಲಿ ಅದು ಜೀವನಪರ್ಯಂತ ಉಳಿಯುತ್ತದೆ. ಹಾಗೆ ಉಳಿಸಿಕೊಂಡವರು ಶಾಲೆ ಕಲಿಯುತ್ತಾರೆ, ಅಂಗಡಿ ಹಾಕುತ್ತಾರೆ, ಗೊಬ್ಬರದ ಚೀಲ ಹೊರುತ್ತಾರೆ. ಇಂಥವರಲ್ಲಿ ಸುಮಾರು ನಾಲ್ಕರಿಂದ ಆರು ಜನಕ್ಕೊಬ್ಬರು ಕಡೆಗೆ ಲಿವರ್ ಗಡುಸಾಗಿಯೋ, ಲಿವರ್ ಕ್ಯಾನ್ಸರಿನಿಂದಲೋ ಅಕಾಲದಲ್ಲಿ ಸಾಯುತ್ತಾರೆ ಎಂಬುದು ವೈದ್ಯರ ಅಂದಾಜು.

ಇಷ್ಟು ವರ್ಷ ಸುಮ್ಮನಿದ್ದ ವೈರಸ್ ಕ್ಯಾನ್ಸರ್ ತರುವುದಾದರೂ ಹೇಗೆ? ಬೆಟಗೇರಿಯ ನೇಕಾರರಿಗೆ ಇದು ಬೇಗ ತಿಳಿದೀತು. ಲಿವರಿನ ಪ್ರತಿಯೊಂದು ಕಣದೊಳಗೂ ಅದು ಹೇಗೆ ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ಉದ್ದನೆಯ ಎಳೆಯಾಗಿ ಇರುತ್ತದೆ. ಬಿ ವೈರಸ್ ತನ್ನ ತುಂಡು ಎಳೆಯನ್ನು ಆ ಹಾಸಿನ ನಡುವೆ ಸೇರಿಸಿಬಿಡುತ್ತದೆ. ಮಗ್ಗ ನಡೆದೇ ಇರುತ್ತದೆ, ಆದರೆ ನೇಯ್ಗೆ ತಪ್ಪುತ್ತದೆ. ಇನ್ನೊಂದು ಕಡೆ, ವೈರಸ್ ಇರುವ ಕಣಗಳನ್ನು ಮೈಯೇ ಕೊಲ್ಲುತ್ತಿರುತ್ತದೆ, ಸತ್ತವುಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ, ಹಳೆಯ ಗಾಯ ಗಂಟುಗಂಟಾಗುತ್ತದೆ. ಮೂವತ್ತು ವರ್ಷ ಹೀಗೇ ಕೊಂದು, ಹುಟ್ಟಿಸಿ, ತೇಪೆ ಹಾಕುವ ಕೆಲಸದಲ್ಲಿ ಎಲ್ಲೋ ಒಂದು ಕಣ ನಿಲ್ಲುವುದನ್ನು ಮರೆತು ಬೆಳೆಯತೊಡಗುತ್ತದೆ. ಅದೇ ಕ್ಯಾನ್ಸರ್. ಬೇರೆ ಲಿವರ್ ರೋಗಗಳಲ್ಲಿ ಸಾಮಾನ್ಯವಾಗಿ ಮೊದಲು ಲಿವರ್ ಗಡುಸಾಗಿ ಆಮೇಲೆ ಕ್ಯಾನ್ಸರ್ ಬಂದರೆ, ಬಿ ವೈರಸ್‌ನಲ್ಲಿ ಗಡುಸಾಗುವ ಮೊದಲೇ ನೇರ ಬರುವುದೂ ಉಂಟು.

ಇದು ಬರಿ ಊಹೆಯಲ್ಲ. ಈ ವೈರಸ್‌ನ ಜಾಡು ಹಿಡಿದವರು ಅಮೇರಿಕದ ಡಾ. ಬರೂಚ್ ಬ್ಲೂಮ್‌ಬರ್ಗ್. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಕಂಡ ಹೊಸ ವಸ್ತುವಿನ ಬಗ್ಗೆ ಅವರು ೧೯೬೫ರಲ್ಲಿ ಬರೆದರು. ಕಾಮಣಿಗೂ ಅದಕ್ಕೂ ನಂಟಿದೆ ಎಂಬುದು ಆಮೇಲೆ ಗೊತ್ತಾಯಿತು. ೧೯೭೬ರಲ್ಲಿ ನೊಬೆಲ್ ಬಂತು. ಕ್ಯಾನ್ಸರಿನ ನಂಟನ್ನು ಗಟ್ಟಿಯಾಗಿ ತೋರಿಸಿದ್ದು ತೈವಾನ್ ದೇಶದಲ್ಲಿ ಡಾ. ಪಾಮರ್ ಬೀಸ್ಲಿ ಎಂಬವರು. ಅಲ್ಲಿಯ ೨೨,೭೦೭ ಸರ್ಕಾರಿ ನೌಕರರ ರಕ್ತ ಪರೀಕ್ಷಿಸಿ, ವರ್ಷಗಟ್ಟಲೆ ಅವರ ಬೆನ್ನು ಬಿಡದೆ ಲೆಕ್ಕ ಇಟ್ಟರು. ೧೯೮೧ರಲ್ಲಿ ಲೆಕ್ಕ ಹೊರಬಿತ್ತು. ಲಿವರ್ ಕ್ಯಾನ್ಸರಿನಿಂದ ಸತ್ತವರು ೪೧. ಅವರಲ್ಲಿ ೪೦ ಮಂದಿ ಬಿ ವೈರಸ್ ಇದ್ದವರು. ಇಲ್ಲದವರಲ್ಲಿ ಸತ್ತವನು ಒಬ್ಬನೇ ಒಬ್ಬ. ವೈರಸ್ ಇದ್ದವರಿಗೆ ಅಪಾಯ ಇನ್ನೂರು ಪಟ್ಟಿಗೂ ಹೆಚ್ಚು ಎಂದಾಯಿತು. ಬೀಡಿ-ಸಿಗರೇಟಿಗೂ ಪುಪ್ಪುಸದ ಕ್ಯಾನ್ಸರಿಗೂ ಇರುವ ನಂಟು ಸಹ ಇದರ ಮುಂದೆ ಸಣ್ಣದೇ.

ನಮ್ಮ ರಾಜ್ಯದ ನೆಲದಲ್ಲೇ ಶುರುವಾದ ಒಂದು ಪ್ರಸಂಗ ಹಳೆಯ ಸಿನಿಮಾಪ್ರಿಯರಿಗೆ ನೆನಪಿದ್ದೀತು. ೧೯೮೨ರ ಜುಲೈ. ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರದ ಹೊಡೆದಾಟದ ದೃಶ್ಯ ತೆಗೆಯುವಾಗ ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟು ಬಿತ್ತು. ಮುಂಬಯಿಯಲ್ಲಿ ಜೀವ ಉಳಿಸಲು ಸುಮಾರು ೨೦೦ ದಾನಿಗಳ ೬೦ ಬಾಟಲಿ ರಕ್ತ ಏರಿಸಿದರಂತೆ. ಅದರಲ್ಲೊಬ್ಬರ ರಕ್ತದಲ್ಲಿ ಬಿ ವೈರಸ್ ಇತ್ತು ಎಂದು ಅವರೇ ಬಹಿರಂಗವಾಗಿ ಹೇಳಿದ್ದಾರೆ. ಸುಮಾರು ಇಪ್ಪತ್ತು ವರ್ಷ ಅದು ಅವರಿಗೆ ತಿಳಿಯಲೇ ಇಲ್ಲ. ತಿಳಿಯುವ ಹೊತ್ತಿಗೆ ಲಿವರಿನ ಮುಕ್ಕಾಲು ಭಾಗ ಹಾಳಾಗಿತ್ತು, ಕಾಲು ಭಾಗದ ಮೇಲೆ ಬದುಕಿದ್ದೇನೆ ಎನ್ನುತ್ತಾರೆ. ಅವರಿಗೆ ಬಂದದ್ದು ಕ್ಯಾನ್ಸರ್ ಅಲ್ಲ, ಲಿವರ್ ಗಡುಸಾಗುವ ಸಿರೋಸಿಸ್. ಆದರೂ ಲೆಕ್ಕ ಹಾಕಿ ನೋಡಿ. ದೇಶದ ಅತಿ ದೊಡ್ಡ ನಟ, ಬೇಕೆಂದಾಗ ಬೇಕಾದ ಡಾಕ್ಟರು, ಅಂಥವರಿಗೇ ಇಪ್ಪತ್ತು ವರ್ಷ ಗೊತ್ತಾಗಲಿಲ್ಲ. ಮುಂಡರಗಿ ಸಂತೆಯಲ್ಲಿ ಮೆಣಸಿನಕಾಯಿ ಮಾರುವವನಿಗೆ ಹೇಗೆ ಗೊತ್ತಾಗಬೇಕು?

ಹಾಗಾದರೆ ಯಾರ ಮೈಯಲ್ಲಿ ಇದೆ? ವಿಶ್ವ ಆರೋಗ್ಯ ಸಂಸ್ಥೆಯ ೨೦೨೪ರ ವರದಿಯಂತೆ ೨೦೨೨ರಲ್ಲಿ ಭಾರತದಲ್ಲಿ ಬಿ ವೈರಸ್ ಹೊತ್ತವರು ಸುಮಾರು ೨ ಕೋಟಿ ೯೮ ಲಕ್ಷ. ಜಗತ್ತಿನಲ್ಲಿ ೨೫ ಕೋಟಿ ೪೦ ಲಕ್ಷ. ಅದೇ ಒಂದು ವರ್ಷದಲ್ಲಿ ಇದರಿಂದ ಸತ್ತವರು ೧೧ ಲಕ್ಷ, ಬಹುತೇಕ ಎಲ್ಲರೂ ಸಿರೋಸಿಸ್ ಇಲ್ಲವೇ ಲಿವರ್ ಕ್ಯಾನ್ಸರಿನಿಂದ. ದೇಶದ ಲೆಕ್ಕ ಐವತ್ತು ಜನಕ್ಕೆ ಒಬ್ಬರಂತೆ ಬಿತ್ತು. ಗದಗಿನಿಂದ ಲಕ್ಷ್ಮೇಶ್ವರಕ್ಕೆ ಸಂಜೆ ಹೊರಡುವ ಬಸ್ಸಿನಲ್ಲಿ ಸೀಟು ಸಿಕ್ಕವರು, ನಿಂತವರು ಸೇರಿ ಅದಕ್ಕಿಂತ ಹೆಚ್ಚು ಮಂದಿ ಇರುತ್ತಾರೆ.

ಬಸ್ಸಿನ ಮಾತು ಬಂದದ್ದಕ್ಕೆ ಯಾರೂ ಹೆದರಿ ಪಕ್ಕದವನಿಂದ ಸರಿದು ಕೂಡ್ರಬೇಕಾಗಿಲ್ಲ. ಒಂದೇ ಸೀಟಿನಲ್ಲಿ ಕೂತರೆ, ಒಂದೇ ಬಟ್ಟಲಲ್ಲಿ ಚಹಾ ಕುಡಿದರೆ, ಒಂದೇ ಪಂಕ್ತಿಯಲ್ಲಿ ಉಂಡರೆ, ನೋಟು ಕೈಬದಲಾದರೆ ಇದು ಹರಡುವುದಿಲ್ಲ. ರೋಗವಿದೆ ಎಂದು ಗೊತ್ತಾದವನನ್ನು ಕೆಲಸದಿಂದ ಬಿಡಿಸುವುದು, ತಾಟು-ಲೋಟ ಬೇರೆ ಇಡುವುದು, ಗೊತ್ತು ಮಾಡಿದ ಲಗ್ನ ಮುರಿಯುವುದು ಇವೆಲ್ಲ ತಿಳಿಗೇಡಿತನ. ಲಗ್ನವಾಗುವ ಇನ್ನೊಬ್ಬರಿಗೆ ಮೊದಲೇ ಮೂರು ಚುಚ್ಚುಮದ್ದು ಹಾಕಿಸಿದರೆ ತಕರಾರೇ ಉಳಿಯುವುದಿಲ್ಲ. ಹೆದರಬೇಕಾದದ್ದು ರಕ್ತ ತಾಗುವ ಕಡೆ. ಏಡ್ಸ್ ವೈರಸ್‌ಗಿಂತ ಐವತ್ತರಿಂದ ನೂರು ಪಟ್ಟು ಸುಲಭವಾಗಿ ಅಂಟುವ ಈ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಬದುಕುತ್ತದೆ. ಕಟಿಂಗ್ ಶಾಪಿನಲ್ಲಿ ಒಬ್ಬರಿಗೆ ಬಳಸಿದ ಬ್ಲೇಡು, ಜಾತ್ರೆಯಲ್ಲಿ ಹಚ್ಚೆ ಹಾಕುವವನ ಸೂಜಿ, ಮನೆಮಂದಿಗೆಲ್ಲ ಒಂದೇ ರೇಜರು, ಕುದಿಸದ ಕಿವಿ ಚುಚ್ಚುವ ಸೂಜಿ. ‘ಬ್ಲೇಡ್ ಬದಲಿ ಮಾಡ್ರಿ’ ಎಂದು ಕೇಳುವುದಕ್ಕೆ ಸಂಕೋಚ ಯಾಕೆ? ಒಳ್ಳೆಯ ಅಂಗಡಿಯವರು ಕೇಳುವ ಮೊದಲೇ ಹೊಸ ಬ್ಲೇಡು ಮುರಿದು ಹಾಕುತ್ತಾರೆ.

ಎಲ್ಲಕ್ಕಿಂತ ದೊಡ್ಡ ಚಟ ನಮ್ಮ ಜನಕ್ಕೆ ಇಂಜೆಕ್ಷನ್ನಿನದು. ನೆಗಡಿಯಾದರೂ ‘ಸೂಜಿ ಮಾಡ್ರಿ, ಗುಳಗಿ ಬ್ಯಾಡ’ ಎನ್ನುವವರು ಹಳ್ಳಿಗೆ ಹತ್ತು ಮಂದಿ. ಸೂಜಿ ಮಾಡದ ಡಾಕ್ಟರಿಗೆ ಕೈಗುಣವಿಲ್ಲವಂತೆ! ೨೦೦೯ರಲ್ಲಿ ಗುಜರಾತದ ಸಾಬರಕಾಂಠಾ ಜಿಲ್ಲೆಯ ಮೋಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಬಿ ವೈರಸ್ ಹಬ್ಬಿ ಹತ್ತಾರು ಜನ ತೀರಿಕೊಂಡರು, ಡಾಕ್ಟರುಗಳು ಜೇಲಿಗೆ ಹೋದರು. ಆ ಸುದ್ದಿಯನ್ನು ಆಗ ಇಲ್ಲಿ ಓದಿದವರು ಎಷ್ಟು ಮಂದಿಯೋ.

ಮತ್ತೆ ನಾಟಿ ಔಷಧಕ್ಕೆ ಬರೋಣ. ಕಪ್ಪತಗುಡ್ಡದ ಗಿಡಮೂಲಿಕೆಯ ಹೆಸರು ಹೇಳಿದರೆ ಈ ಭಾಗದವರಿಗೆ ಅಭಿಮಾನ ಉಕ್ಕುತ್ತದೆ, ಉಕ್ಕಬೇಕು ಕೂಡ. ಕಾಮಣಿಗೆ ಕೊಡುವ ಸೊಪ್ಪುಗಳಲ್ಲಿ ನೆಲನೆಲ್ಲಿಗೆ ಮೊದಲ ಸ್ಥಾನ. ಅದನ್ನು ವಿಜ್ಞಾನಿಗಳು ಕಡೆಗಣಿಸಲಿಲ್ಲ. ಮದ್ರಾಸಿನ ಡಾ. ತ್ಯಾಗರಾಜನ್ ಮತ್ತು ಸಂಗಡಿಗರು, ಅವರ ಜೊತೆ ಸಾಕ್ಷಾತ್ ಬ್ಲೂಮ್‌ಬರ್ಗ್ ಅವರೇ ಸೇರಿ, ೧೯೮೮ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ನೆಲನೆಲ್ಲಿ ತಿಂದ ೩೭ ಮಂದಿಯಲ್ಲಿ ೨೨ ಮಂದಿಯ ರಕ್ತದಿಂದ ವೈರಸ್‌ನ ಗುರುತು ಮಾಯವಾಯಿತು ಎಂದು ವರದಿ ಬಂತು. ಜಗತ್ತೇ ಕಿವಿ ನಿಮಿರಿಸಿತು. ಆದರೆ ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ಆದ್ದರಿಂದ ಸೊಪ್ಪನ್ನು ಬಯ್ಯುವುದೂ ಬೇಡ, ಅದನ್ನೇ ನಂಬಿ ಕೂಡ್ರುವುದೂ ಬೇಡ. ಔಷಧ ಕೊಡುವ ಹಿರಿಯರು ತಮ್ಮ ಕಡೆ ಬಂದವನಿಗೆ ‘ತಮ್ಮಾ, ಒಮ್ಮೆ ರಕ್ತ ತೋರಿಸ್ಕೊಂಡು ಬಾ’ ಎಂದು ಒಂದು ಮಾತು ಸೇರಿಸಿ ಹೇಳಿದರೆ ಸಾಕು. ಡಾಕ್ಟರ ಮಾತು ಕೇಳದವನು ಅವರ ಮಾತು ಕೇಳುತ್ತಾನೆ.

ಈ ಭಾಗದ ಇನ್ನೊಂದು ವಸ್ತುವಿಗೂ ಇದರಲ್ಲಿ ಪಾಲಿದೆ ಎಂದರೆ ಅಡತಿ ಅಂಗಡಿಯವರು ಹುಬ್ಬೇರಿಸಬಹುದು. ಅದು ಶೇಂಗಾ. ಹಸಿ ಆರದ ಶೇಂಗಾಕ್ಕೆ, ಗೋವಿನಜೋಳಕ್ಕೆ ಹಳದಿ-ಹಸಿರು ಬೂಸಲು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ೧೯೭೪ರಲ್ಲಿ ಗುಜರಾತ-ರಾಜಸ್ಥಾನದ ಗಡಿಯ ಪಂಚಮಹಾಲ, ಬಾಂಸವಾಡಾ ಜಿಲ್ಲೆಗಳಲ್ಲಿ ಬೂಸಲು ಹಿಡಿದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಕಾಮಣಿಯಾಗಿ ಸತ್ತರು. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಕೂಡಲೇ ಸಾಯುವುದಿಲ್ಲ, ಲಿವರ್ ಕ್ಯಾನ್ಸರಿಗೆ ದಾರಿಯಾಗುತ್ತದೆ. ಚೀನಾದ ಶಾಂಘೈ ನಗರದಲ್ಲಿ ೧೮,೦೦೦ಕ್ಕೂ ಮೇಲ್ಪಟ್ಟು ಗಂಡಸರನ್ನು ಪರೀಕ್ಷಿಸಿ ೧೯೯೦ರ ದಶಕದಲ್ಲಿ ಒಂದು ಲೆಕ್ಕ ಕೊಟ್ಟರು. ಈ ವಿಷ ಮಾತ್ರ ಇದ್ದವರಿಗೆ ಅಪಾಯ ಮೂರೂವರೆ ಪಟ್ಟಿನಷ್ಟು. ಬಿ ವೈರಸ್ ಮಾತ್ರ ಇದ್ದವರಿಗೆ ಏಳು ಪಟ್ಟು. ಎರಡೂ ಇದ್ದವರಿಗೆ ಹತ್ತು-ಹನ್ನೊಂದು ಅಲ್ಲ, ಸುಮಾರು ೬೦ ಪಟ್ಟು!

ಹುರಿದರೆ, ಕುದಿಸಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಆದರೂ ರೈತರಿಗೆ, ವ್ಯಾಪಾರಿಗಳಿಗೆ ಇದು ಕೈಮೀರಿದ್ದೇನಲ್ಲ. ಕಿತ್ತ ಶೇಂಗಾ ಚೆನ್ನಾಗಿ ಒಣಗಿಸುವುದು, ಮಳೆ ತಾಗಿದ ಚೀಲ ಬೇರೆ ಇಡುವುದು, ಸುಕ್ಕಿದ-ಬಣ್ಣಗೆಟ್ಟ ಕಾಳು ಆರಿಸುವುದು, ಇಷ್ಟೇ. ಕಷ್ಟವಿರುವುದು ಆರಿಸಿ ತೆಗೆದ ಕೆಟ್ಟ ಕಾಳಿನ ಗತಿಯಲ್ಲಿ. ಅದನ್ನು ತಿಪ್ಪೆಗೆ ಹಾಕುವವರು ಕಡಿಮೆ. ಅಗ್ಗದ ದರಕ್ಕೆ ಅದು ಯಾವುದೋ ಗಾಣಕ್ಕೆ, ಯಾವುದೋ ಚಟ್ನಿ ಪುಡಿಗೆ ಹೋಗುತ್ತದೆ. ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲೂ ವಿಷದ ಅಂಶ ಇಳಿಯುತ್ತದೆ. ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಇಳಿಯದ ನಾಡಿನಲ್ಲಿ ಇದನ್ನು ಶೇಂಗಾದ ಮೇಲಿನ ದೂರು ಎಂದು ಯಾರೂ ತಿಳಿಯಬಾರದು. ಒಳ್ಳೆಯ ಕಾಳಿಗೆ ದೋಷವಿಲ್ಲ.

ಈಗ ಲಸಿಕೆಯ ಮಾತು. ಕ್ಯಾನ್ಸರ್ ತಡೆಯಲು ಮನುಷ್ಯನಿಗೆ ಮೊದಲು ಸಿಕ್ಕ ಲಸಿಕೆ ಇದೇ. ತೈವಾನದವರು ೧೯೮೪ರಲ್ಲಿ ವೈರಸ್ ಇದ್ದ ತಾಯಂದಿರ ಕೂಸುಗಳಿಗೆ, ೧೯೮೬ರಿಂದ ಎಲ್ಲ ಕೂಸುಗಳಿಗೆ ಹಾಕತೊಡಗಿದರು. ಹತ್ತು ವರ್ಷ ತುಂಬುವುದರೊಳಗೆ ಅಲ್ಲಿಯ ೬ರಿಂದ ೧೪ ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಅರ್ಧಕ್ಕೆ ಇಳಿಯಿತು. ನಮ್ಮಲ್ಲಿ ಆಗ ಈ ಲಸಿಕೆ ಶ್ರೀಮಂತರ ವಸ್ತು, ಪರದೇಶದಿಂದ ಬರುತ್ತಿತ್ತು. ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದ ೧೯೯೭ರಲ್ಲೇ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಕಂಪನಿ ದೇಶದಲ್ಲೇ ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು, ದರ ಬಿತ್ತು. ಸರ್ಕಾರ ೨೦೦೨-೦೩ರಲ್ಲಿ ಕೆಲವು ನಗರ-ಜಿಲ್ಲೆಗಳಲ್ಲಿ ಶುರುಮಾಡಿ, ೨೦೦೭-೦೮ರಲ್ಲಿ ಕರ್ನಾಟಕವೂ ಸೇರಿ ಹತ್ತು ರಾಜ್ಯಗಳಿಗೆ, ೨೦೧೧-೧೨ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು.

ಅಂದರೆ ಲೆಕ್ಕ ಸ್ಪಷ್ಟ. ೨೦೦೭ಕ್ಕಿಂತ ಮೊದಲು ಹುಟ್ಟಿದ ನಮ್ಮ ಭಾಗದವರಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಂಡವರನ್ನು, ದವಾಖಾನೆಯ ನೌಕರರನ್ನು ಬಿಟ್ಟರೆ ಉಳಿದವರಿಗೆ ಈ ರಕ್ಷಣೆಯಿಲ್ಲ. ಗಲ್ಲಾದ ಮೇಲೆ ಕೂತಿರುವ ಯಜಮಾನ, ಹಮಾಲ, ಕಂಡಕ್ಟರ್, ಕಾಲೇಜು ಮುಗಿಸಿ ಕೆಲಸ ಹುಡುಕುವ ಹುಡುಗ, ಎಲ್ಲರೂ ಈ ಪಟ್ಟಿಯಲ್ಲೇ. ಇವರು ಮಾಡಬೇಕಾದದ್ದು ಮೊದಲು ಒಂದು ರಕ್ತ ಪರೀಕ್ಷೆ. ಬೆರಳ ತುದಿಯ ಹನಿಯಲ್ಲೇ ಆಗುತ್ತದೆ. ವೈರಸ್ ಇಲ್ಲವೆಂದು ಬಂದರೆ ಲಸಿಕೆ: ಇಂದು ಒಂದು, ತಿಂಗಳಿಗೆ ಒಂದು, ಆರನೇ ತಿಂಗಳಿಗೆ ಒಂದು.

ಇದೆ ಎಂದು ಬಂದರೆ? ಇಲ್ಲೇ ಬಹಳ ಮಂದಿ ಎಡವುವುದು. ಮೈಯಲ್ಲಿ ಏನೂ ನೋವಿಲ್ಲ, ಕಣ್ಣು ಹಳದಿಯಿಲ್ಲ, ರಿಪೋರ್ಟು ಟ್ರಂಕಿನ ತಳ ಸೇರುತ್ತದೆ. ರಕ್ತದಾನ ಶಿಬಿರದಲ್ಲಿ ಕೊಟ್ಟ ಬಾಟಲಿಯಲ್ಲಿ ವೈರಸ್ ಕಂಡರೆ ರಕ್ತ ಚೆಲ್ಲುತ್ತಾರೆ, ಕೊಟ್ಟವನಿಗೂ ತಿಳಿಸಬೇಕು ಎಂಬುದು ನಿಯಮ. ಆದರೆ ಶಿಬಿರದಲ್ಲಿ ಬರೆಸಿದ ಫೋನ್ ನಂಬರ್ ಬದಲಾಗಿರುತ್ತದೆ, ಇಲ್ಲವೇ ಫೋನು ಬಂದರೂ ಅವನು ‘ಏನೂ ಆಗಿಲ್ಲಲ್ಲ’ ಎಂದು ಸುಮ್ಮನಾಗುತ್ತಾನೆ. ವೈರಸ್ ಇದ್ದವರಿಗೆಲ್ಲ ಗುಳಿಗೆ ಬೇಕಾಗುವುದಿಲ್ಲ. ಯಾರಿಗೆ ಬೇಕು ಎಂದು ಇನ್ನೆರಡು ಪರೀಕ್ಷೆ ಮಾಡಿ ಡಾಕ್ಟರು ಹೇಳುತ್ತಾರೆ. ಬೇಕಾದವರಿಗೆ ದಿನಕ್ಕೊಂದು ಟೆನೊಫೊವಿರ್ ಅಥವಾ ಎಂಟೆಕಾವಿರ್ ಗುಳಿಗೆ. ಅದು ವೈರಸನ್ನು ಪೂರ್ತಿ ಓಡಿಸದು, ಹದ್ದಿನಲ್ಲಿಡುತ್ತದೆ, ಕ್ಯಾನ್ಸರಿನ ಅಪಾಯವನ್ನು ಬಹಳ ತಗ್ಗಿಸುತ್ತದೆ. ಗುಣವಾಯಿತೆಂದು ತಾನೇ ಬಿಟ್ಟರೆ ರೋಗ ಒಮ್ಮೆಲೇ ಕೆರಳುವ ಭಯವಿದೆ. ಲಿವರ್ ಗಡುಸಾದವರು, ನಡುವಯಸ್ಸಿನವರು, ಮನೆತನದಲ್ಲಿ ಲಿವರ್ ಕ್ಯಾನ್ಸರ್ ಇದ್ದವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು. ಗಡ್ಡೆ ಲಿಂಬಿಹಣ್ಣಿಗಿಂತ ಸಣ್ಣದಿದ್ದಾಗ ಸಿಕ್ಕರೆ ಕತ್ತರಿಸಬಹುದು, ಸುಡಬಹುದು. ಹೊಟ್ಟೆ ಉಬ್ಬಿದ ಮೇಲೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋದರೂ, ಬೆಂಗಳೂರಿನ ಕಿದ್ವಾಯಿಗೆ ಹೋದರೂ ಡಾಕ್ಟರ ಕೈಯಲ್ಲಿ ಬಹಳ ಉಳಿದಿರುವುದಿಲ್ಲ.

ಖರ್ಚಿನ ಮಾತಿಗೆ ಸರ್ಕಾರ ಉತ್ತರ ಕೊಟ್ಟಿದೆ. ೨೦೧೮ರ ಜುಲೈ ೨೮ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಗುಳಿಗೆಯೂ ಉಚಿತ. ಜಿಲ್ಲೆಗೊಂದು ಚಿಕಿತ್ಸಾ ಕೇಂದ್ರ ಇರಬೇಕೆಂಬುದು ಅದರ ಕಟ್ಟಳೆ. ಗದಗಿನಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಆದರೆ ಉಚಿತ ಎಂಬುದು ಕಡತದಲ್ಲಿದ್ದರೆ ಸಾಲದು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ದವಾಖಾನೆಗಳ ಬಾಗಿಲಲ್ಲಿ ‘ಬಿ ಕಾಮಣಿ ಪರೀಕ್ಷೆ ಇಲ್ಲಿ ಉಚಿತ, ಇಂಥ ಕೋಣೆ, ಇಂಥ ವೇಳೆ’ ಎಂದು ಕನ್ನಡದಲ್ಲಿ ಒಂದು ಫಲಕ ತೂಗುಹಾಕಲು ಎಷ್ಟು ದುಡ್ಡು ಬೇಕು? ಕೂಲಿ ಬಿಟ್ಟು ಬಂದವನನ್ನು ‘ಕಿಟ್ ಖಾಲಿ, ನಾಳೆ ಬಾ’ ಎಂದು ಕಳಿಸಿದರೆ ಅವನು ನಾಳೆ ಬರುವುದಿಲ್ಲ. ಆ ನಾಳೆ ಇಪ್ಪತ್ತು ವರ್ಷದ ಮೇಲೆಯೇ.

ಎಲ್ಲಕ್ಕಿಂತ ಅವಸರದ್ದು ಬಾಣಂತಿ ಕೋಣೆಯ ಕೆಲಸ. ಕೂಸು ಹುಟ್ಟಿದ ೨೪ ತಾಸಿನೊಳಗೆ ಮೊದಲ ಡೋಸು ಬೀಳಬೇಕು. ಆಮೇಲೆ ಆರು, ಹತ್ತು, ಹದಿನಾಲ್ಕನೆಯ ವಾರಕ್ಕೆ ಹಾಕುವ ಐದು ರೋಗಗಳ ಚುಚ್ಚುಮದ್ದಿನಲ್ಲಿ ಬಿ ಸೇರಿಯೇ ಇರುತ್ತದೆ, ಅದನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ನೆನಪಿಸುತ್ತಾರೆ. ತಪ್ಪುವುದು ಮೊದಲನೆಯದೇ. ತವರಿಗೆ ಬಂದ ಮಗಳಿಗೆ ಬೇನೆ ಬರುವುದು ರಾತ್ರಿ, ಹೆರಿಗೆ ರವಿವಾರ ಬೆಳಗಿನ ಜಾವ. ಲಸಿಕೆ ಹಾಕುವ ಸಿಸ್ಟರ್ ಸೋಮವಾರ ಬರುತ್ತಾರೆ. ಅಷ್ಟರಲ್ಲಿ ೨೪ ತಾಸು ಮುಗಿದಿರುತ್ತದೆ. ಬಸುರಿಯ ರಕ್ತದಲ್ಲಿ ವೈರಸ್ ಇದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಸೂಜಿಯೂ ಕೂಸಿಗೆ ಬೇಕು. ಅಂಥ ತಾಯಿ ಮೊಲೆಹಾಲು ಕುಡಿಸಲು ಅಡ್ಡಿಯಿಲ್ಲ, ಅತ್ತೆ-ಮಾವಂದಿರು ಸುಮ್ಮನೆ ಗದ್ದಲ ಮಾಡುವುದು ಬೇಡ. ತಾಯಿ ಕಾರ್ಡಿನಲ್ಲಿ ಈ ಪರೀಕ್ಷೆಯ ಫಲ ಬರೆದಿದೆಯೇ ಎಂದು ಮನೆಯ ಓದುಬರಹ ಬಲ್ಲವರು ಏಳನೇ ತಿಂಗಳಲ್ಲೇ ತೆರೆದು ನೋಡಬೇಕು.

ನಾಲ್ಕೂ ಊರಿನ ಸರ್ಕಾರಿ ದವಾಖಾನೆ, ಖಾಸಗಿ ನರ್ಸಿಂಗ್ ಹೋಮುಗಳನ್ನು ಆರೋಗ್ಯಾಧಿಕಾರಿಗಳು ಒಂದು ರವಿವಾರ ರಾತ್ರಿ ಸುಮ್ಮನೆ ಸುತ್ತಿ ಬರಲಿ. ಹೆರಿಗೆ ಕೋಣೆಯ ಫ್ರಿಜ್ಜಿನಲ್ಲಿ ಬಿ ಲಸಿಕೆ ಇದೆಯೇ, ಮತ್ತು ಆ ಫ್ರಿಜ್ಜಿನ ಬೀಗದ ಕೈ ಆ ಹೊತ್ತಿನಲ್ಲಿ ಯಾರ ಹತ್ತಿರ ಇದೆ, ಇವೆರಡನ್ನೇ ಕೇಳಲಿ.